ವಿಮಾನ ಬಾರದ ವರ್ಷದ ಎಡೆ

ಅಣ್ಣ ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ. ಸೇನೆಗೆ ಸೇರಲು ಹೊರಟ ದಿನ ಅವ್ವನಿಗೆ ಒಂದೇ ಮಾತು ಹೇಳಿದ್ದ: “ತಂಗೀನ ಸಾಲಿ ಬಿಡಸಬ್ಯಾಡ.” ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರುತ್ತಿದ್ದ ಅವ್ವ ಬಿಡಿಸಲಿಲ್ಲ. ಹೆಬ್ಬೆಟ್ಟು ಒತ್ತುತ್ತ ಬಂದ ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ.

ಯುದ್ಧದ ಮರುವರ್ಷದಿಂದ, ಪ್ರತಿ ಡಿಸೆಂಬರಿನ ಒಂದು ಬೆಳಿಗ್ಗೆ, ಕೊಲಾಬಾ ಕಡೆಯ ಸೈನಿಕರ ಸ್ಮಾರಕಕ್ಕೆ ವಂದನೆ ಸಲ್ಲಿಸಲು ಮೂರು ವಿಮಾನಗಳು ಚೆಂಬೂರಿನ ನಮ್ಮ ಚಾಳಿನ ಮೇಲೆ ಹಾದು ಹೋಗುತ್ತಿದ್ದವು. ಅಣ್ಣ ಕಾಲ್ದಳದವನು, ವಿಮಾನ ಹತ್ತಿದವನೇ ಅಲ್ಲ. “ಅವನ ಮಂದೀನ ಅಲ್ಲೇನು?” ಎನ್ನುತ್ತಿದ್ದಳು ಅವ್ವ.

ಅದೇ ದಿನ ಚಾಳಿನ ಮೇಲಿನ ಗಚ್ಚಿಯಲ್ಲಿ ಅಣ್ಣನಿಗೆ ಎಡೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ. ಮೊದಲ ವರ್ಷ ಎಷ್ಟು ಕರೆದರೂ ಕಾಗೆ ಬರಲಿಲ್ಲ. ವಿಮಾನಗಳು ಗುಡುಗಿ ಹೋದವು. ಸುತ್ತಲಿನ ಕಾಗೆಗಳೆಲ್ಲ ಗಾಬರಿಯಾಗಿ ಮೇಲೆದ್ದವು. ಸದ್ದು ಅಡಗಿದ ಮೇಲೆ ಒಂದು ಕಾಗೆ ನೇರ ಇಳಿದು ಎಲೆಗೆ ಬಾಯಿ ಹಾಕಿತು. ಅಲ್ಲಿಂದ ಅವ್ವನಿಗೆ ಅದೇ ನೇಮವಾಯಿತು: ಮೊದಲು ವಿಮಾನ, ಆಮೇಲೆ ಕಾಗೆ, ಆಮೇಲೆ ನಾವು.

ಆಮೇಲೊಂದು ವರ್ಷ ಪೆಟ್ರೋಲು, ಸೀಮೆಎಣ್ಣೆಯ ಬೆಲೆ ಏರಿ ಸರ್ಕಾರ ಕೈ ಬಿಗಿ ಹಿಡಿಯಿತು. ನಾನು ಟೈಪಿಸ್ಟ್ ಆಗಿದ್ದ ಆಫೀಸಿನಲ್ಲಿ, ಎಡೆಯ ಹಿಂದಿನ ದಿನವೇ ಇಂಗ್ಲಿಷ್ ಪೇಪರಿನಲ್ಲಿ ಓದಿದ್ದೆ. ಸೇನೆಯ ಖರ್ಚು ಕಡಿತವಂತೆ. ಈ ಸಲ ಸ್ಮಾರಕಕ್ಕೆ ಹೂಮಾಲೆ ಮಾತ್ರ, ವಿಮಾನ ಹಾರುವುದಿಲ್ಲ. ಮನೆಗೆ ಬಂದರೆ ಅವ್ವ ಗೋಧಿ ಕುಟ್ಟುತ್ತ ಕೂತಿದ್ದಳು. ಸುದ್ದಿಯನ್ನು ನನ್ನಲ್ಲೇ ಇಟ್ಟುಕೊಂಡು ಗೋಧಿ ಕೇರಲು ಕೂತೆ.

ಬೆಳಿಗ್ಗೆ ಎಡೆ ಇಟ್ಟದ್ದೇ ತಡ, ಕಾಗೆಗಳು ಬಂದೇಬಿಟ್ಟವು. ಅವ್ವ ಸೆರಗು ಬೀಸಿದಳು. “ಹುಶ್! ತಡೀರಿ, ಇನ್ನೂ ಹೊತ್ತಾಗಿಲ್ಲ.”

ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಖೋಲಿಯ ಉಡುಪಿಯ ಹೆಂಗಸು ನಕ್ಕಳು. “ಎಂಥ ಅಕ್ಕ, ಊಟಕ್ಕೆ ಕರೆದು ನೀವೇ ಓಡಿಸುವುದಾ?”

“ನೀ ಸುಮ್ಮನಿರವಾ. ವಿಮಾನ ಬರಲಿ.”

ಹನ್ನೊಂದಾಯಿತು. ಬಂದ ಕಾಗೆಗಳನ್ನೆಲ್ಲ ಓಡಿಸಿ ಓಡಿಸಿ ಅವ್ವನ ತೋಳು ಸೋತಿತ್ತು. ಕಡೆಗೆ ನನ್ನ ಕಡೆ ತಿರುಗಿದಳು. “ನೀ ಪೇಪರ್ ಓದಾಕಿ. ಇವತ್ತ ಯಾಕ ಇಷ್ಟ ತಡಾ?”

“ಬರೂದಿಲ್ಲವ್ವಾ. ಎಣ್ಣಿ ತುಟ್ಟಿ ಆಗೇತಿ, ರೊಕ್ಕ ಉಳಸಾಕ ನಿಲ್ಲಿಸ್ಯಾರ.”

“ದೀಪಕ್ಕ ಘಾಸಲೇಟ್ ನಮಗೂ ಸಿಗವಲ್ದು. ಅವನ ಮುಂದಿನ ದೀಪ ಆರಿಸೇನೇನು ನಾ?” ಎಂದಳು. “ಯಾವಾಗ ಓದಿದಿ?”

“ನಿನ್ನೆ.”

ಅವ್ವ ಆಕಾಶ ನೋಡಲಿಲ್ಲ. ಒಣಗುತ್ತಿದ್ದ ಎಲೆ ನೋಡಿದಳು. “ನಿನ್ನೆ ಓದಿ ಬಾಯಿ ಮುಚಗೊಂಡ ಕುಂತೆಲ್ಲ! ಮುಂಜಾನಿಂದ ಅವನ್ನ ಹೊಡದ ಓಡಸಾಕತ್ತೇನಿ ನಾ. ಹಸದಾನ ಅಂವ.”

ವಿಮಾನ ಬರದಿದ್ದರೆ ಅವ್ವ ನೊಂದುಕೊಳ್ಳುತ್ತಾಳೆ ಎಂದಷ್ಟೇ ನಾನು ಯೋಚಿಸಿದ್ದೆ. ಅಣ್ಣನ ಹಸಿವು ನನಗೆ ಹೊಳೆದೇ ಇರಲಿಲ್ಲ.

ಈಗ ಕರೆದರೆ ಒಂದು ಕಾಗೆಯೂ ಇಲ್ಲ. ಅವ್ವ “ಕಾ ಕಾ” ಎಂದಳು, ನಾನೂ ಎಂದೆ. ಪಕ್ಕದವಳು ಬಕೆಟ್ ಬಿಟ್ಟು ಕೆಳಗೋಡಿ, ಗಂಡ ಕೆಲಸದ ಹೋಟೆಲಿನಿಂದ ತಂದಿದ್ದ ವಡೆಯನ್ನು ಎಲೆಯ ತುದಿಗಿಟ್ಟಳು. “ವಡೆ ಅಂದ್ರೆ ಕಾಗೆಗೆ ಜೀವ, ನೋಡಿ.”

“ನಿಮ್ಮೂರ ಕಾಗೀಗೆ ಇರಬೇಕು,” ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ.

ಮೂವರೂ ನೀರಿನ ಟಾಕಿಯ ಹಿಂದೆ ಸರಿದು ಕೂತೆವು. ಬಹಳ ಹೊತ್ತಾದ ಮೇಲೆ ಒಂದು ಕಾಗೆ ಗೋಡೆಗೆ ಬಂದು ಕೂತು, ಅತ್ತಿತ್ತ ನೋಡಿ, ವಡೆ ದಾಟಿ ಹುಗ್ಗಿಗೆ ಬಾಯಿ ಹಾಕಿತು.

ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮೆಲ್ಲಗೆ, ಕಾಗೆಗೆ ಕೇಳಿಸುವಷ್ಟೇ, ಹೇಳಿದಳು: “ತಡಾ ಆತಪಾ. ತಂಗಿ ಮ್ಯಾಲೆ ಸಿಟ್ಟಾಗಬ್ಯಾಡ. ಉಣ್ಣು.”