‘ಏನೂ ಇಲ್ಲ’ ಎನ್ನಲಿ ಎಂದು ಹೊತ್ತ ಹರಕೆ

ಮಾಲೇಕಲ್ಲು ತಿಮ್ಮಪ್ಪನನ್ನು ನಂಬಿರುವ ಎಲ್ಲರಿಗೂ ಹಾರನಹಳ್ಳಿಯ ಟೈಲರ್ ರತ್ನಮ್ಮನ ನಮಸ್ಕಾರಗಳು. ನನ್ನ ಶ್ವಾಸಕೋಶದಲ್ಲಿ ಎರಡು ಗಂಟುಗಳಿವೆ. ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲೂ ಇವೆ. ಅವು ಏನು ಎಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ದೇವರು ನಿನ್ನ ಮೊರೆ ಕೇಳಿದ ಅಂತ ಹೇಗೆ ಬರೀತೀಯ ಎಂದು ನಮ್ಮ ಮನೆಯವರೇ ಕೇಳಿದರು. ನೀವು ಪೂರ್ತಿ ಓದಿ, ಆಮೇಲೆ ಹೇಳಿ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಕೆಮ್ಮು ಹಿಡಿಯಿತು. ಬಟ್ಟೆಯ ಧೂಳಿನಲ್ಲಿ ಕೂತು ಬ್ಲೌಸ್ ಹೊಲಿಯುವವಳಿಗೆ ಕೆಮ್ಮು ಹೊಸದೇನಲ್ಲ. ಶುಂಠಿ, ಮೆಣಸು, ಕಷಾಯ ಎಲ್ಲಾ ಆಯಿತು. ಬಿಡಲಿಲ್ಲ. ಅರಸೀಕೆರೆಯಲ್ಲಿ ಎಕ್ಸ್‌ರೇ ತೆಗೆಸಿದರೆ ಬಲಗಡೆ ಏನೋ ಕಾಣುತ್ತಿದೆ, ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು. ಬೆಳಗಿನ ಬಸ್ಸು ಹತ್ತಿ ನಾನೂ ನಮ್ಮ ಮನೆಯವರೂ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಆಚೆಗೇ ನೋಡುತ್ತಿದ್ದರು.

ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಳು ಕೂತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಎರಡೂ ಕೈ ತುಂಬ ಹಸಿರು ಬಳೆ. ನರ್ಸ್ ಬಂದು ಬಳೆ ಬಿಚ್ಚಿ ಎಂದಾಗ, “ಸಿಸ್ಟರ್, ನಾನು ಬೇಲೂರಲ್ಲಿ ಬಳೆ ಅಂಗಡಿ ಇಟ್ಕಂಡಿರೋಳು. ಇದನ್ನ ಬಿಚ್ಚೋದ್ರೊಳಗೆ ನಿಮ್ಮ ಮಿಷಿನ್ನು ಕೆಟ್ಟೋಗ್ತದೆ” ಎಂದಳು. ಅಂಥ ಜಾಗದಲ್ಲಿ ನನಗೆ ನಗು ಬಂತು. ಹೆಸರು ಕಮಲ. ಅವಳಿಗೂ ಕೆಮ್ಮು, ಅವಳಿಗೂ ಎಕ್ಸ್‌ರೇಯಲ್ಲಿ ಏನೋ ಕಂಡಿತ್ತು. ನನ್ನ ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, “ಅಯ್ಯೋ ಅಕ್ಕಾ, ಇದು ಜಡೆನಾ ಬಾವಿ ಹಗ್ಗನಾ? ನಂದು ನೋಡು, ಇಲಿ ಬಾಲ” ಎಂದು ತನ್ನ ಜಡೆ ಮುಂದಕ್ಕೆ ಹಾಕಿ ತೋರಿಸಿದಳು.

ಡಾಕ್ಟರು ಒಳ್ಳೆಯವರು, ಆದರೆ ಮೊದಲು ಕೇಳಿದ್ದೇ ಬೀಡಿ ಸೇದುವ ಅಭ್ಯಾಸ ಇದೆಯಾ ಎಂದು. “ನನ್ನ ಮುಖ ನೋಡಿದ್ರೆ ಹಂಗೆ ಕಾಣುತ್ತಾ ಸಾರ್?” ಎಂದೆ. ಅವರು ನಗಲಿಲ್ಲ. ಎರಡು ಗಂಟುಗಳಿವೆ, ದೊಡ್ಡದು ಎಂಟು ಮಿಲಿಮೀಟರ್ ಎಂದರು. ಹಳೆಯ ಸೋಂಕಿನ ಗಾಯದ ಗುರುತಿರಬಹುದು, ಏನೂ ಅಲ್ಲದೆ ಇರಬಹುದು, ಬೇರೆಯದೂ ಇರಬಹುದು. ಬೇರೆಯದು ಎಂದರೆ ಯಾವುದು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೂಜಿ ಹಾಕಿ ನೋಡಲು ತುಂಬ ಚಿಕ್ಕದು, ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ, ಬೆಳೆದಿದೆಯಾ ನೋಡೋಣ ಎಂದರು. ಕಮಲನಿಗೂ ಅದೇ ಮಾತು ಹೇಳಿ ಕಳಿಸಿದರು.

ಕಾಯಿಲೆ ಇದೆ ಎಂದಿದ್ದರೆ ಅಳುತ್ತಿದ್ದೆ. ಇಲ್ಲ ಎಂದಿದ್ದರೆ ಎದ್ದು ಕೈಮುಗಿಯುತ್ತಿದ್ದೆ. ಎರಡೂ ಇಲ್ಲದೆ ಸುಮ್ಮನೆ ಮನೆಗೆ ಹೋಗು ಎಂದರೆ ಏನು ಮಾಡುವುದು? ಮನೆಗೆ ಬಂದು ಟೇಪು ಹಿಡಿದು ಎಂಟು ಮಿಲಿಮೀಟರ್ ಎಷ್ಟೆಂದು ನೋಡಿದೆ. ಬ್ಲೌಸಿಗೆ ಹಾಕುವ ಹುಕ್ಕಿನಷ್ಟು. ಆ ಸಂಜೆ ದೀಪ ಹಚ್ಚಿ, ಮನೆದೇವರಾದ ತಿಮ್ಮಪ್ಪನ ಪಟದ ಮುಂದೆ ನಿಂತು ಹರಕೆ ಹೊತ್ತೆ. ಡಾಕ್ಟರ ಬಾಯಲ್ಲಿ ‘ಏನೂ ಇಲ್ಲ’ ಎಂಬ ಮಾತು ಬಂದ ದಿನವೇ ಬೆಟ್ಟಕ್ಕೆ ಬಂದು ನನ್ನ ಮುಡಿ ಕೊಡುತ್ತೇನೆ ಎಂದೆ. ಬಡವರ ಮನೆಯಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಿಂದ ಇದ್ದ ಒಂದೇ ಒಡವೆ ಆ ಕೂದಲು.

ಆ ಮೂರು ತಿಂಗಳು ಹೇಗೆ ಕಳೆದವೆಂದು ಬರೆಯುವುದು ಕಷ್ಟ. ಶ್ರಾವಣದ ಮದುವೆಗಳಿಗೆ ಬ್ಲೌಸ್ ಹೊಲಿಯಲು ಕೊಡಲು ಬಂದವರನ್ನು, ಆಗಲ್ಲ, ಬೇರೆ ಕಡೆ ಕೊಡಿ ಎಂದು ವಾಪಸು ಕಳಿಸಿದೆ. ಅಷ್ಟೊತ್ತಿಗೆ ನಾನು ಇರುತ್ತೇನೋ ಇಲ್ಲವೋ ಎಂಬ ಯೋಚನೆ. ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಹತ್ತಿರ ಕೆಮ್ಮಿ ಬರುತ್ತಿದ್ದೆ, ಮನೆಯವರಿಗೆ ಕೇಳಬಾರದೆಂದು. ಅವರಿಗೆ ಕೇಳುತ್ತಿತ್ತು. ಕೇಳಿಸಲಿಲ್ಲವೆಂದು ನನಗೆ ತೋರಿಸಲು ರೇಡಿಯೋ ಜೋರು ಮಾಡುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದೆವು.

ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಕಮಲನ ಹತ್ತಿರ ಮಾತ್ರ. ಅವಳು ಬೇಲೂರಿನಿಂದ, ನಾನು ಅರಸೀಕೆರೆಗೆ ಹೋಗಿ ಬೇಲೂರಿನ ಬಸ್ಸು ಹಿಡಿದು, ಇಬ್ಬರಿಗೂ ನಡುವೆ ಆಗುವ ಹಳೇಬೀಡಿನಲ್ಲಿ ಸೇರುತ್ತಿದ್ದೆವು. ದೇವಸ್ಥಾನದ ಮುಂದಿನ ಮರದ ಕೆಳಗೆ ಕೂತು ಅವಳು ತಂದ ಚಿತ್ರಾನ್ನ ತಿನ್ನುತ್ತಿದ್ದೆವು. ಒಮ್ಮೆ ಹುಲಿಕೆರೆಯ ಕೊಳದವರೆಗೂ ಹೋಗಿ ಮೆಟ್ಟಿಲ ಮೇಲೆ ಕೂತು ಬಂದೆವು. ಅವತ್ತೇ ನನ್ನ ಹರಕೆಯ ವಿಷಯ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. “ಎಂಥಾ ಕೆಲಸ ಮಾಡ್ದೆ ಅಕ್ಕಾ! ದೇವ್ರ ಹತ್ರ ಹೋಗಿ ಡಾಕ್ಟ್ರ ಬಾಯಿ ಮೇಲೆ ಷರತ್ತು ಹಾಕಿದ್ದೀಯಲ್ಲ. ಆ ಡಾಕ್ಟ್ರು ಯಾವತ್ತಾದ್ರೂ ಒಂದು ಮಾತು ನೆಟ್ಟಗೆ ಹೇಳವ್ರಾ?”

ಆಷಾಢದಲ್ಲಿ ಎರಡನೇ ಸ್ಕ್ಯಾನ್. ಇಬ್ಬರೂ ಒಂದೇ ದಿನ ಹೋಗಿದ್ದೆವು. ನನ್ನ ಗಂಟುಗಳು ಇದ್ದ ಹಾಗೇ ಇವೆ, ಬೆಳೆದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು.

“ಹಂಗಾದ್ರೆ ಏನೂ ಇಲ್ಲ ಅಂತ ತಾನೇ ಸಾರ್?” ಎಂದೆ.

“ಹಾಗೆ ಹೇಳೋಕಾಗಲ್ಲಮ್ಮ. ಬೆಳೆದಿಲ್ಲ ಅಂತ ಹೇಳಬಹುದು.”

“ಒಂದೇ ಒಂದು ಸಲ ಬಾಯ್ಬಿಟ್ಟು ಹೇಳಿ ಸಾರ್, ಏನೂ ಇಲ್ಲ ಅಂತ. ನನಗೊಂದು ಹರಕೆ ಐತೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಸುಳ್ಳು ಹೇಳಿಸಿ ತೀರಿಸೋ ಹರಕೆ ಬೇಡಮ್ಮ” ಎಂದರು. ನನಗೆ ಸಿಟ್ಟು ಬಂತು, ಆದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಕಮಲನನ್ನು ಒಳಗೆ ಕರೆದವರು ಬಹಳ ಹೊತ್ತು ಬಿಡಲಿಲ್ಲ. ಅವಳದು ಬೆಳೆದಿತ್ತು. ಸೂಜಿ ಹಾಕಿ ನೋಡಿದರು. ಹತ್ತು ದಿನಕ್ಕೆ ಅವಳೇ ಫೋನ್ ಮಾಡಿದಳು. “ನಂದಕ್ಕೆ ಹೆಸರು ಬಂತು ಕಣಕ್ಕಾ” ಎಂದಳು, ಮನೆಯಲ್ಲಿ ಕೂಸು ಹುಟ್ಟಿ ನಾಮಕರಣವಾದ ಹಾಗೆ. “ಕ್ಯಾನ್ಸರೇ ಅಂತೆ. ಬೆಂಗ್ಳೂರಲ್ಲಿ ಔಷಧಿ ಹಾಕ್ತಾರಂತೆ. ನೀನ್ಯಾಕೆ ಅಳ್ತೀಯ? ನಂಗಾದ್ರೂ ಗೊತ್ತಾಯ್ತು. ನಿಂದು ಇನ್ನೂ ನೇತಾಡ್ತಾ ಐತಲ್ಲ, ಪಾಪ.”

ಫೋನಿಟ್ಟು ನಾನು ದೇವರ ಪಟದ ಮುಂದೆ ನಿಂತೆ. ಕೈಮುಗಿಯಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಒಂದೇ ಬೆಂಚಿನ ಮೇಲೆ ಕೂತವರು ನಾವು, ಯಾವ ಲೆಕ್ಕದಲ್ಲಿ ನೀನು ಅವಳನ್ನು ಆರಿಸಿದೆ ಎಂದು ಕೇಳಿದೆ. ಭಕ್ತರು ಇದನ್ನು ಓದಿ ಬೇಸರ ಮಾಡಿಕೊಳ್ಳಬಹುದು. ನಡೆದದ್ದು ಹೀಗೆ. ಆಮೇಲೆ ಎಷ್ಟೋ ದಿನ ದೇವರಿಗೆ ದೀಪ ಹಚ್ಚಿದ್ದು ನಮ್ಮ ಮನೆಯವರು.

ಔಷಧಿ ಶುರುವಾದ ಮೇಲೆ ಕಮಲನನ್ನು ನೋಡಲು ಬೇಲೂರಿಗೆ ಹೋದೆ. ತಲೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡಿದ್ದಳು. ಬಟ್ಟೆಯ ಕೆಳಗೆ ಒಂದು ಕೂದಲೂ ಇರಲಿಲ್ಲ. ಔಷಧಿಯಿಂದ ಹೀಗಾಗುತ್ತದೆಂದು ಕೇಳಿದ್ದೆ, ಅದಕ್ಕೇ ಏನೂ ಕೇಳಲಿಲ್ಲ. ಬಳೆ ಒಂದೂ ನಿಲ್ಲದಷ್ಟು ಕೈ ಸಣ್ಣಗಾಗಿತ್ತು. ಆದರೂ ನನ್ನನ್ನು ಅಂಗಡಿಯಲ್ಲಿ ಕೂರಿಸಿ, ಅಂಗೈ ಒತ್ತಿ ಹಿಡಿದು, ಒಂದೂ ಒಡೆಯದ ಹಾಗೆ ಡಜನ್ ಬಳೆ ತೊಡಿಸಿದಳು. “ಆರ್ಡರ್ ತಗಳಕ್ಕಾ ಇನ್ನು. ಹೊಲಿ. ಸುಮ್ನೆ ಕೂತ್ರೆ ನಿನ್ನ ಗಂಟಿಗೂ ಬೇಜಾರಾಗ್ತದೆ” ಎಂದಳು. ಹರಕೆ ಹಾಗೇ ಉಳಿದಿದೆ, ಡಾಕ್ಟರು ಆ ಮಾತು ಹೇಳುತ್ತಿಲ್ಲ ಎಂದೆ. “ಅದರ ಚಿಂತೆ ಬಿಡು” ಎಂದಳು, ಅಷ್ಟೇ.

ದೀಪಾವಳಿ ಕಳೆದು ಕಾರ್ತೀಕದಲ್ಲಿ ಕಮಲ ಹೋದಳು. ಸುದ್ದಿ ಬಂದಾಗ ಯಾರದೋ ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಬಸ್ಸಿನಲ್ಲಿ ಜಾವಗಲ್ ದಾಟುವವರೆಗೂ ಅಳು ಬರಲಿಲ್ಲ. ಹಳೇಬೀಡಿನಲ್ಲಿ ಬಸ್ಸು ನಿಂತಾಗ, ನಾವು ಕೂರುತ್ತಿದ್ದ ಮರದ ಕೆಳಗೆ ಯಾರೋ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಆಮೇಲೆ ತಡೆಯಲಾಗಲಿಲ್ಲ. ಕಂಡಕ್ಟರ್ ಬಂದು ನೀರಿನ ಬಾಟಲಿ ಕೊಟ್ಟು ಹೋದ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಹೊರಡುವಾಗ ಕಮಲನ ಗಂಡ ಮಂಜಣ್ಣ ಬಾಗಿಲವರೆಗೆ ಬಂದರು. “ಅಕ್ಕಾ, ನಿಮ್ಮ ಹರಕೆ ತೀರಿಸ್ಬಿಟ್ಟೇ ಹೋದ್ಲು. ಅದೊಂದು ಸಮಾಧಾನ ಅವಳಿಗಿತ್ತು” ಎಂದರು.

ನನಗೆ ಅರ್ಥವಾಗಲಿಲ್ಲ. ಯಾವ ಹರಕೆ ಎಂದೆ.

“ನಿಮಗೆ ಹೇಳಿಲ್ವಾ ಅವಳು?” ಎಂದು ಅವರು ಅಲ್ಲೇ ಜಗಲಿಯ ಮೇಲೆ ಕೂತರು. “ಕೂದ್ಲೆಲ್ಲಾ ಉದುರ್ತದೆ ಅಂತ ಬೆಂಗ್ಳೂರಲ್ಲಿ ಹೇಳಿದ್ರು. ಹೆಂಗೂ ಉದುರೋ ಕೂದ್ಲು, ಆಸ್ಪತ್ರೆ ಕಸಕ್ಕೆ ಯಾಕೆ ಹೋಗ್ಬೇಕು, ತಿಮ್ಮಪ್ಪನಿಗೇ ಹೋಗ್ಲಿ ಅಂದ್ಲು. ಔಷಧಿಗೆ ಹೋಗೋ ಮುಂಚೆ ಮಾಲೇಕಲ್ಲಿಗೆ ಕರ್ಕಂಡು ಹೋದೆ. ಮುಡಿ ತೆಗೆಸಿ, ತಲೆ ಮೇಲೆ ನೀರು ಹಾಕ್ಕಂಡು ಬೆಟ್ಟ ಹತ್ತಿದ್ಲು. ನಾಕು ಮೆಟ್ಲು ಹತ್ತೋದು, ಕೂರೋದು. ಎತ್ಕಂಡು ಹೋಗ್ತೀನಿ ಅಂದ್ರೆ ಬಿಡ್ಲಿಲ್ಲ. ಮೇಲೆ ಅರ್ಚನೆಗೆ ಹೆಸರು ಕೇಳಿದ್ರು. ಹಾರನಹಳ್ಳಿ ರತ್ನಮ್ಮ ಅಂದ್ಲು. ನಿನ್ನ ಹೆಸ್ರೂ ಹೇಳೇ ಅಂದೆ. ಒಂದು ತಲೆಗೆ ಒಂದೇ ಹೆಸರು ಸಾಕು ಬಿಡ್ರೀ ಅಂದ್ಲು. ಆಮೇಲೆ ದೇವ್ರ ಕಡೆ ತಿರುಗಿ, ಅಕ್ಕನ ಜಡೆ ತೂಕಕ್ಕೆ ಇದು ಸಾಲಲ್ಲ, ನೀನೇ ಒಂಚೂರು ಹೊಂದಿಸ್ಕೊಳಪ್ಪಾ ಅಂತ ನಕ್ಕಳು.”

ನಾನೂ ಅವರ ಪಕ್ಕದಲ್ಲೇ ಕೂತೆ. ತನಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ, ತನಗಾಗಿ ಬೇಡಿಕೊಳ್ಳಬೇಕಾದ ದಿನ, ಆ ಹೆಂಗಸು ನನ್ನ ಉಸಿರಿಗಾಗಿ ತನ್ನ ಉಸಿರು ಕಟ್ಟಿಕೊಂಡು ಬೆಟ್ಟ ಹತ್ತಿದ್ದಳು. ಬೇಲೂರಿನಿಂದ ಬಂದ ಮೇಲೆ ಅನೇಕ ದಿನ ತಲೆ ಬಾಚಲು ಕೈ ಬರಲಿಲ್ಲ.

ಪುಷ್ಯ ಮಾಸದಲ್ಲಿ ಮೂರನೇ ಸ್ಕ್ಯಾನ್ ಆಯಿತು. ಗಂಟುಗಳು ಅಷ್ಟೇ ಇವೆ. ಇನ್ನು ಒಂದು ವರ್ಷ ಬಿಟ್ಟು ಬನ್ನಿ ಎಂದರು ಡಾಕ್ಟರು. ಈ ಸಲ ಅವರನ್ನು ಆ ಮಾತಿಗಾಗಿ ಪೀಡಿಸಲಿಲ್ಲ. ಒಂದು ವರ್ಷವಾ ಸಾರ್, ಆಗಲಿ ಎಂದು ಎದ್ದು ಬಂದೆ. ಹೊರಗೆ ಬಂದಾಗ ನಮ್ಮ ಮನೆಯವರು, “ಏನಂದ್ರು?” ಎಂದು ಕೇಳಿದರು. “ಗೊತ್ತಿಲ್ಲ ಅಂದ್ರು. ಮುಂದಿನ ವರ್ಷವೂ ಗೊತ್ತಿಲ್ಲ ಅನ್ನೋದಕ್ಕೆ ಬರಬೇಕಂತೆ” ಎಂದೆ. ಆಸ್ಪತ್ರೆಯ ಗೇಟಿನಲ್ಲಿ ನಿಂತು ಅವರು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ದಿನದಿಂದ ನಾನು ಹಿತ್ತಲಿಗೆ ಹೋಗಿ ಕೆಮ್ಮುವುದನ್ನು ಬಿಟ್ಟಿದ್ದೇನೆ. ಯುಗಾದಿಗೆ, ಅದರಾಚೆಯ ಮದುವೆಗಳಿಗೆ ಬ್ಲೌಸ್ ಒಪ್ಪಿಕೊಂಡಿದ್ದೇನೆ.

ಕಮಲನನ್ನು ಯಾಕೆ ಕರೆದುಕೊಂಡೆ ಎಂಬ ಪ್ರಶ್ನೆಗೆ ತಿಮ್ಮಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ನಾನು ಕೇಳುವುದನ್ನೂ ಬಿಟ್ಟಿಲ್ಲ. ಆದರೆ ಅವನು ಇದ್ದಾನೆ ಎಂಬುದರಲ್ಲಿ ನನಗೆ ಈಗ ಅನುಮಾನವಿಲ್ಲ. ಡಾಕ್ಟರ ಬಾಯಿಂದ ಒಂದು ಮಾತು ಕೊಡಿಸು ಎಂದು ನಾನು ಕೇಳಿದ್ದೆ. ಅವನು ನಾನು ಕೇಳುವ ಮೊದಲೇ ಆ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ತಂಗಿಯನ್ನು ಕೂರಿಸಿದ್ದ. ಅದನ್ನು ಅರಿಯಲು ಅವಳು ಹೋಗಬೇಕಾಯಿತಲ್ಲ ಎಂಬ ಸಂಕಟ ನಾನಿರುವವರೆಗೂ ಹೋಗುವುದಿಲ್ಲ.

ಹೋದ ಶನಿವಾರ ನಾನೂ ನಮ್ಮ ಮನೆಯವರೂ ಮಾಲೇಕಲ್ಲಿಗೆ ಹೋಗಿದ್ದೆವು. ಕಮಲ ಎಲ್ಲೆಲ್ಲಿ ಕೂತಿದ್ದಳೋ ಎಂದು ನೋಡುತ್ತಾ ಹತ್ತಿದೆ. ಮೇಲೆ ಅರ್ಚಕರು ಅರ್ಚನೆ ಯಾರ ಹೆಸರಿಗೆ ಎಂದು ಕೇಳಿದರು. ಬೇಲೂರಿನ ಕಮಲ ಎಂದೆ.

“ನಕ್ಷತ್ರ?”

“ಗೊತ್ತಿಲ್ಲ ಸ್ವಾಮಿ.”

“ಏನಾಗಬೇಕು ನಿಮಗೆ?”

“ತಂಗಿ.”

ತೀರಿಕೊಂಡವರ ಹೆಸರಿಗೆ ಅರ್ಚನೆ ಮಾಡಿಸುವುದಿಲ್ಲ ಎಂದು ನನಗೆ ಗೊತ್ತು, ನಮ್ಮ ಮನೆಯವರಿಗೂ ಗೊತ್ತು. ಅವರು ಬಾಯಿ ಬಿಡಲಿಲ್ಲ. ಅರ್ಚಕರು ಅವಳ ಹೆಸರು ಹಿಡಿದು, ಆಯುಸ್ಸು ಕೊಡು, ಆರೋಗ್ಯ ಕೊಡು ಎಂದು ದೇವರನ್ನು ಬೇಡಿಕೊಂಡರು. ನಾನು ತಲೆ ಬಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡೆ.