ಬೆಣ್ಣೆ ಕೈಗೆ ಜಾರದ ಹಿಡಿ

“ಬೇಕರಿ ಒಳಗೆ ಕಾಲಿಡ್ತಿದ್ದ ಹಾಗೇ ನಮ್ಮ ಬ್ರಷ್ ಅಂತ ಗೊತ್ತಾಯ್ತು ಅತ್ತೆ. ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ್ರು. ಕೂದಲು ನೀವು ಕಟ್ಟಿದ್ದೇ. ಕೊನೇ ಸಾಲನ್ನ ಒಂಚೂರು ಒತ್ತಾಗಿ ಎಳೀತೀರಲ್ಲ, ಅದು ಬೇರೆಯವರ ಕೈಗೆ ಬರಲ್ಲ. ಆದ್ರೆ ಹಿಡಿ ನೋಡ್ತೀನಿ, ನಮ್ದಲ್ಲ. ಬೋಳು. ನಮ್ಮ ಮಕ್ಕಳು ಯಾರದೋ ಮನೇಲಿ ತಲೆ ಬೋಳಿಸ್ಕೊಂಡು ನಿಂತ ಹಾಗಿತ್ತು. ವಾರ್ನಿಶ್ ಒಂದು ಚುಕ್ಕೆ ಇಲ್ಲ. ಯಾಕಮ್ಮ ಹೀಗೆ ಅಂತ ಕೇಳಿದ್ದಕ್ಕೆ ಅಲ್ಲಿ ಬ್ರೆಡ್ ಮಾಡೋ ಹೆಂಗಸು, ನನ್ನ ಎರಡರಷ್ಟಿದಾಳೆ, ಪೊಟ್ಟಣ ಬಿಚ್ಚಿ ನಮ್ಮ ಹೊಸ ಬ್ರಷ್ ಒಂದನ್ನ ತೆಗೆದ್ಲು. ನನ್ನ ಅಂಗೈಗೆ ಕರಗಿಸಿದ ಬೆಣ್ಣೆ ಸವರಿದ್ಲು. ಹಿಡಿ ಈಗ ಅಂದ್ಲು. ಹಿಡಿದೆ. ಮೀನು ಜಾರಿದ ಹಾಗೆ ಜಾರಿ ನೆಲಕ್ಕೆ ಬಿತ್ತು. ಅದೂ ಅಲ್ದೆ ದಿನಾ ಬಿಸಿನೀರಲ್ಲಿ ತೊಳೆದ್ರೆ ವಾರ್ನಿಶ್ ಪದರ ಎದ್ದು ಹಿಟ್ಟಿಗೆ ಉದುರುತ್ತಂತೆ. ಅದಕ್ಕೇ ಹೊಸ ಪೆಟ್ಟಿಗೆ ಬಂದಾಗೆಲ್ಲ ಒಬ್ಬಳು ಅರ್ಧ ದಿನ ಕೂತು ಚಾಕುನಲ್ಲಿ ಕೆರೀಬೇಕು. ಇಷ್ಟು ಚೆಂದ ಇರೋದನ್ನ ಕೆರೆಯೋಕೆ ನನಗೂ ಹೊಟ್ಟೆ ಉರಿಯುತ್ತೆ ಅಂದ್ಲು. ಮಾವನಿಗೆ ಇದನ್ನ ಯಾವ ಬಾಯಲ್ಲಿ ಹೇಳ್ಲಿ ಅತ್ತೆ?”

ಹೊರದೇಶದಿಂದ ಬಂದ ಮಧ್ಯಾಹ್ನವೇ, ಚೀಲವನ್ನೂ ಬಿಚ್ಚದೆ, ಹಿತ್ತಿಲ ಮೆಟ್ಟಿಲ ಮೇಲೆ ಕೂತು ನನ್ನ ತಮ್ಮನ ಸೊಸೆ ಇಷ್ಟನ್ನೂ ಹೇಳಿದಳು. ಅವಳ ಮಾವ ಅಂದರೆ ನನ್ನ ತಮ್ಮ. ಆಗ ಅವನು ಮುಂದಿನ ಕೋಣೆಯಲ್ಲಿ ಹಿಡಿಗಳಿಗೆ ವಾರ್ನಿಶ್ ಹಚ್ಚುತ್ತಿದ್ದ. ಅದರ ವಾಸನೆ ನಮ್ಮಿಬ್ಬರ ಮೂಗಿಗೂ ಬಡಿಯುತ್ತಿತ್ತು.

ಈ ಹುಡುಗಿ ನಮ್ಮ ಮನೆಗೆ ಬಂದು ಹದಿನೇಳು ವರ್ಷವಾಯಿತು. ಹುಡುಗಿ ಎನ್ನುವುದು ನನ್ನ ಬಾಯಿಯ ಅಭ್ಯಾಸ, ಅವಳ ಕಿವಿಯ ಹತ್ತಿರ ನರೆ ಬಂದಿದೆ. ಅವಳ ಅತ್ತೆ ಮದುವೆಗೆ ಮುಂಚೆಯೇ ತೀರಿಹೋಗಿದ್ದರಿಂದ ನನ್ನನ್ನೇ ಅತ್ತೆ ಎಂದು ಕರೆಯುತ್ತಾಳೆ. ಗಂಡ ಬಸ್ ಓಡಿಸುತ್ತಾನೆ. ಅವನ ಕೈಗೆ ಬ್ರಷ್ ಕೊಟ್ಟರೆ ಬೆನ್ನು ತುರಿಸಿಕೊಳ್ಳುತ್ತಾನೆ, ಅಷ್ಟೇ ಅವನಿಗೂ ಈ ಕಸುಬಿಗೂ ಇರುವ ನಂಟು. ಕಸುಬು ಸೊಸೆಗೆ ಬಂತು. ಬಂದ ಮೊದಲ ತಿಂಗಳು ಬಾಗಿಲಿಗೆ ಒರಗಿ ನಿಂತು ನೋಡಿದಳು. ಎರಡನೆಯ ತಿಂಗಳು “ನಾನೊಂದು ತೂತು ಕೊರೀಲಾ ಮಾವ?” ಎಂದು ಕೇಳಿದಳು. ಆಮೇಲೆ ಅವಳನ್ನು ತೂತು ಕೊರೆಯುವ ಯಂತ್ರದ ಮುಂದಿನಿಂದ ಎಬ್ಬಿಸಲು ಆಗಲಿಲ್ಲ.

ನಮ್ಮದು ಮೂರು ಕೋಣೆಯ ಮನೆ, ಅದರಲ್ಲಿ ಒಂದೂವರೆ ಬ್ರಷ್ಷಿಗೆ ಸೇರಿದ್ದು. ಹಿಡಿಯ ಮರಕ್ಕೆ ಸೊಸೆ ತೂತು ಕೊರೆಯುತ್ತಾಳೆ. ನಾನೂ ಎದುರುಮನೆಯ ಅಕ್ಕತಂಗಿಯರೂ ಕೂದಲಿನ ಎಳೆಗಳನ್ನು ಮಡಚಿ, ತಂತಿ ಹಾಕಿ, ತೂತಿನೊಳಗೆ ಎಳೆದು ಕಟ್ಟುತ್ತೇವೆ. ಕೊನೆಗೆ ವಾರ್ನಿಶ್. ಅದಕ್ಕೆ ತಮ್ಮನ ಹೊರತು ಯಾರೂ ಕೈ ಹಾಕುವಂತಿಲ್ಲ. ಒಂದು ಸಲ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚುವುದು. ಹೀಗೆ ಮೂರು ಸಲ. ಆಮೇಲೆ ಕಿಟಕಿಯ ಹತ್ತಿರ ಹಿಡಿದು ನೋಡುತ್ತಾನೆ. “ನನ್ನ ಮೀಸೆ ಕಾಣ್ಬೇಕು ಅದರಲ್ಲಿ. ಕಾಣದಿದ್ರೆ ಅದು ಬ್ರಷ್ ಅಲ್ಲ, ಕಟ್ಟಿಗೆ” ಎನ್ನುತ್ತಾನೆ. “ಮೀಸೇಲಿ ಬಿಳಿ ಕೂದಲು ಎಷ್ಟಿದೆ ಅಂತನೂ ಕಾಣುತ್ತಾ ಮಾವ?” ಎಂದು ಸೊಸೆ ಕಾಲೆಳೆಯುತ್ತಾಳೆ.

ನಮ್ಮ ದೊಡ್ಡ ಗಿರಾಕಿ ಸಮುದ್ರದಾಚೆಯವನು. ಬ್ರೆಡ್ಡಿಗೆ ಬೆಣ್ಣೆ ಸವರುವ ಬ್ರಷ್ಷುಗಳನ್ನು ಕೊಂಡು ಅಲ್ಲಿಯ ಬೇಕರಿಗಳಿಗೆ ಮಾರುತ್ತಾನೆ. ಮೂರು ತಿಂಗಳಿಗೆ ಆರು ಪೆಟ್ಟಿಗೆ ತರಿಸುತ್ತಿದ್ದವನು ನಾಲ್ಕಕ್ಕೆ ಇಳಿದ. ಹೋದ ವರ್ಷ ಎರಡಕ್ಕೆ ಬಂದ. ಕಾಗದದಲ್ಲಿ ಮಾತ್ರ ಪ್ರತಿ ಸಲವೂ ಒಂದೇ ಮಾತು, ಸರಕು ಚೆನ್ನಾಗಿದೆ, ಸದ್ಯಕ್ಕೆ ಇಷ್ಟು ಸಾಕು. ಆ ಎರಡೂ ನಿಂತರೆ ಎದುರುಮನೆಯವರಿಗೆ ನಾಳೆಯಿಂದ ಬರಬೇಡಿ ಎನ್ನಬೇಕಾಗುತ್ತಿತ್ತು.

ಅಷ್ಟರಲ್ಲಿ ಸಣ್ಣ ಕೈಗಾರಿಕೆಯವರ ಸಂಘದಿಂದ ಸುದ್ದಿ ಬಂತು. ಹನ್ನೆರಡು ಜನರನ್ನು ಅದೇ ದೇಶಕ್ಕೆ ವ್ಯಾಪಾರದ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರಂತೆ, ಎಂಟು ದಿನ. ಸೊಸೆ ಹಿಂದೆಮುಂದೆ ನೋಡಿದಳು. ತಮ್ಮನೇ ಅವಳನ್ನು ಹೊರಡಿಸಿದ್ದು.

“ಹೋಗು ಮಗಳೇ. ನಮ್ಮ ಹೊಳಪನ್ನ ಅವರ ಕಣ್ಣಿಗೆ ಹಿಡಿ. ಮೂಗಿನ ಮೇಲೆ ಬೆರಳಿಡ್ತಾರೆ.”

“ಅಡುಗೆ ಯಾರು ಮಾಡ್ತಾರೆ?” ಅಂದಳು.

“ನಾನು ಮಾಡ್ತೀನಿ” ಎಂದ ಅವಳ ಗಂಡ. “ನಲವತ್ತು ಜನರನ್ನ ಕೂರಿಸ್ಕೊಂಡು ಬಸ್ ಓಡಿಸ್ತೀನಿ, ಒಂದು ಪಾತ್ರೆ ಕಾಯಿಸೋಕೆ ಬರಲ್ವಾ?”

“ಬಸ್ಸಿಗೆ ಬ್ರೇಕ್ ಇದೆ. ನಿನ್ನ ಉಪ್ಪಿಗೆ ಇಲ್ಲ” ಎಂದೆ ನಾನು.

ಮಾದರಿಗೆಂದು ತಮ್ಮ ಹತ್ತು ಬ್ರಷ್ ತಯಾರು ಮಾಡಿದ. ಅವಕ್ಕೆ ಮೂರಲ್ಲ, ನಾಲ್ಕು ಸಲ ವಾರ್ನಿಶ್. ಒಂದೊಂದನ್ನೂ ಹಳೆಯ ಮೆತ್ತನೆಯ ಬಟ್ಟೆಯಲ್ಲಿ, ಹಸುಗೂಸನ್ನು ಸುತ್ತಿದಂತೆ ಸುತ್ತಿದ.

ಅಲ್ಲಿ ಮೊದಲ ನಾಲ್ಕು ದಿನ ಬರೀ ಸಭೆ, ಭಾಷಣ, ಕೈಕುಲುಕಾಟ. ಜೊತೆಗೆ ಹೋಗಿದ್ದ ತಗಡಿನ ಡಬ್ಬಿ ಮಾಡುವವರೊಬ್ಬರು ತಮ್ಮ ಹೆಸರಿನ ಚೀಟಿಗಳನ್ನು ಕಂಡಕಂಡವರಿಗೆ ಹಂಚಿದರಂತೆ. ಊಟ ಬಡಿಸಿದವನಿಗೂ ಕೊಟ್ಟು, ಲಿಫ್ಟ್ ರಿಪೇರಿಗೆ ಬಂದವನಿಗೂ ಕೊಟ್ಟರಂತೆ. “ಯಾರ ಮನೇಲಿ ಡಬ್ಬಿ ಬೇಡಮ್ಮ?” ಎಂದರಂತೆ. ಸೊಸೆಗೆ ಆ ಧೈರ್ಯವಿಲ್ಲ. ಐದನೆಯ ದಿನ ನಮ್ಮ ಗಿರಾಕಿಯ ಅಂಗಡಿಗೆ ಹೋದಳು. ಸಂಘದವರು ಗೊತ್ತು ಮಾಡಿದ್ದ ಒಬ್ಬ ಹೆಂಗಸು ಆಚೆಯ ಮಾತು ಈಚೆಗೆ, ಈಚೆಯ ಮಾತು ಆಚೆಗೆ ಹೇಳುತ್ತಿದ್ದಳು. ಗಿರಾಕಿ ಉಪಚಾರ ಮಾಡಿ, ಸರಕು ಚೆನ್ನಾಗಿದೆ ಎಂದ. ಕಾಗದದಲ್ಲಿದ್ದ ಮಾತೇ ಬಾಯಲ್ಲೂ ಬಂತು.

ಆಗ ಸೊಸೆ ಕೇಳಿದಳಂತೆ, “ನೀವು ಮಾರ್ತೀರಿ, ಸರಿ. ಇದನ್ನ ಕೈಯಲ್ಲಿ ಹಿಡಿಯೋರು ಯಾರು? ಅವರನ್ನ ನೋಡ್ಬೇಕು.”

ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕೊಂಚ ಹೊತ್ತು ತಲೆ ಕೆರೆದುಕೊಂಡು, ಹಿಂದಿನ ಬೀದಿಯ ಬೇಕರಿಗೆ ತಾನೇ ಕರೆದುಕೊಂಡು ಹೋದ. ಅಲ್ಲಿ ಕಂಡದ್ದು ಮೇಲೆ ಅವಳೇ ಹೇಳಿದ ಸಂಗತಿ. ಅವನಿಗೂ ಅದು ಹೊಸತು. ಬೇಕರಿಯವರು ಅವನಿಗೆ ದೂರು ಹೇಳಿರಲಿಲ್ಲ. ಎಷ್ಟೋ ಜನ ಮೆಲ್ಲಗೆ ಬೇರೆ ಕಡೆಯಿಂದ ಬೋಳು ಹಿಡಿಯ ಬ್ರಷ್ ತರಿಸತೊಡಗಿದ್ದರು. ಕಾಗದದಲ್ಲಿ ಯಾರೂ ಇಂಥದ್ದನ್ನು ಬರೆಯುವುದಿಲ್ಲ. ಮುಚ್ಚಿಡಬೇಕೆಂದಲ್ಲ, ಬರೆಯಬೇಕೆಂದು ತೋಚುವುದೇ ಇಲ್ಲ. ನಮಗೂ ಕೇಳಬೇಕೆಂದು ತೋಚಿರಲಿಲ್ಲ. ಬೆಣ್ಣೆಯ ಬ್ರಷ್ಷನ್ನು ಬೆಣ್ಣೆಯ ಕೈಯೇ ಹಿಡಿಯುತ್ತದೆ ಎಂಬುದು ಮೂವತ್ತು ವರ್ಷ ಬ್ರಷ್ ಕಟ್ಟಿದ ನನ್ನ ತಲೆಗೂ ಹೊಳೆದಿರಲಿಲ್ಲ.

ಸೊಸೆ ಅಲ್ಲೇ ಮಾತು ಕೊಟ್ಟುಬಿಟ್ಟಳು. ಒಂದು ತಿಂಗಳೊಳಗೆ ವಾರ್ನಿಶ್ ಇಲ್ಲದ ಒಂದು ಪೆಟ್ಟಿಗೆ ಕಳಿಸುತ್ತೇನೆ, ಹಿಡಿಸಿದರೆ ಮುಂದೆ ಮಾತಾಡೋಣ. ಮಾವನನ್ನು ಕೇಳದೆ ಅವಳು ಕೊಟ್ಟ ಮೊದಲ ಮಾತು ಅದು.

ಅವಳು ಬಂದ ಸಂಜೆ ತಮ್ಮ ಕೈ ಒರೆಸಿಕೊಳ್ಳುತ್ತ ಬಂದ. “ಹೊಳಪು ನೋಡಿ ಏನಂದ್ರು?”

“ತುಂಬಾ ಹೊತ್ತು ನೋಡಿದ್ರು ಮಾವ” ಅಂದಳು. ಅವನ ಮುಖ ಅರಳಿತು. ಅವಳು ತಲೆ ತಗ್ಗಿಸಿ ಚೀಲ ಬಿಚ್ಚಲು ಕೂತಳು. ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಆಗಲೂ ಅಡುಗೆ ಮಾಡುತ್ತಿದ್ದ ಗಂಡ ತನ್ನ ಉಪ್ಪಿನದೇ ದೋಷವೆಂದುಕೊಂಡ.

ಮೂರನೆಯ ಬೆಳಿಗ್ಗೆ ತಮ್ಮ ಚಹಾ ಕುಡಿಯುತ್ತಿದ್ದಾಗ ಅವಳು ಒಂದು ಹಳೆಯ ಬ್ರಷ್ ತಂದು ಅವನ ಲೋಟದ ಪಕ್ಕ ಇಟ್ಟಳು. ಬೇಕರಿಯವಳು ಕೊಟ್ಟದ್ದು. ಹಿಡಿ ಬೆಣ್ಣೆ ಕುಡಿದು ಕಪ್ಪಾಗಿತ್ತು. ಅಲ್ಲೇ ಕೂತು ಎಲ್ಲವನ್ನೂ ಹೇಳಿದಳು, ಕೊಟ್ಟ ಮಾತನ್ನೂ ಬಿಡದೆ.

ತಮ್ಮ ಬ್ರಷ್ಷನ್ನು ತಿರುಗಿಸಿ ತಿರುಗಿಸಿ ನೋಡಿದ. ಚಹಾ ಆರಿತು.

“ಯಾರು ಕೆರೆದಿದ್ದು?”

“ಅವಳೇ ಮಾವ. ಚಾಕುನಲ್ಲಿ.”

“ಚಾಕು ಹಿಡಿಯೋಕೆ ಬರಲ್ಲ ಅವಳಿಗೆ. ನೋಡಿಲ್ಲಿ, ಮರದ ಎಳೆಗೆ ಅಡ್ಡಡ್ಡ ಕೆರೆದಿದಾಳೆ” ಎಂದ. ಧ್ವನಿ ಏರಲಿಲ್ಲ. ಎದ್ದು ಹೋಗಿ ವಾರ್ನಿಶ್ ಡಬ್ಬಿಯ ಮುಚ್ಚಳ ಬಿಗಿದು, ಕೈ ತೊಳೆದುಕೊಂಡ. ಆ ದಿನ ಮುಂದಿನ ಕೋಣೆಗೆ ಬರಲಿಲ್ಲ. ಮರುದಿನವೂ ಇಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ದಾರಿಹೋಕರನ್ನು ನೋಡುತ್ತಿದ್ದ. ಸೊಸೆ ಒಬ್ಬಳೇ ಬೋಳು ಹಿಡಿಗಳಿಗೆ ತೂತು ಕೊರೆದಳು. ನಡುನಡುವೆ ಯಂತ್ರ ನಿಲ್ಲಿಸಿ ಕಣ್ಣು ಒರೆಸಿಕೊಳ್ಳುವಳು, ಮರದ ಪುಡಿ ಬಿತ್ತು ಎನ್ನುವಳು.

ನಾನು ಕಟ್ಟೆಗೆ ಹೋಗಿ ತಮ್ಮನ ಪಕ್ಕ ಕೂತೆ. ಅವನೇ ಅಂದ.

“ಅಕ್ಕ, ಇಷ್ಟು ವರ್ಷ ಆ ಹೆಂಗಸಿನ ಕೈಯಿಂದ ಬ್ರಷ್ ಜಾರಿಸಿದೀನಲ್ಲ ನಾನು.”

“ನೀನು ನೋಡಿದ್ಯಾ? ಇವಳು ಹೋಗಿ ನೋಡಿದ್ಲು, ಗೊತ್ತಾಯ್ತು.”

“ನನ್ನ ನಾಲ್ಕು ಸಲದ್ದು ಏನಾಯ್ತಂತೆ?”

“ಒಂದನ್ನ ಆ ಬೇಕರಿಯವಳಿಗೇ ಕೊಟ್ಲಂತೆ. ಇದನ್ನ ಬೆಣ್ಣೆಗೆ ಅದ್ದಲ್ಲ ಅಂತ ಮುಂದಿನ ಗಾಜಿನ ಕಪಾಟಲ್ಲಿ ಇಟ್ಕೊಂಡಿದಾಳಂತೆ.”

ಅವನು ಎದ್ದು ಒಳಗೆ ಬಂದ. ಸೊಸೆ ಕೊರೆದಿಟ್ಟ ಒಂದು ಹಿಡಿಯನ್ನು ಎತ್ತಿಕೊಂಡು ನೀರಿನ ಬಟ್ಟಲಲ್ಲಿ ಅದ್ದಿ ತೆಗೆದು, ಬೆರಳಾಡಿಸಿ, ಅವಳ ಮುಂದೆ ಹಿಡಿದ.

“ಮುಟ್ಟಿ ನೋಡು. ಒದ್ದೆ ಆದ ಕೂಡಲೇ ಮರದ ನಾರು ಎದ್ದು ನಿಂತ್ಕೊಳ್ತು. ಹೀಗೇ ಕಳಿಸಿದ್ರೆ ಒಂದು ವಾರಕ್ಕೆ ಅವಳ ಅಂಗೈ ಸುಲಿದುಹೋಗುತ್ತೆ. ವಾರ್ನಿಶ್ ಬಿಟ್ರೆ ಆಯ್ತಾ? ಮೊದಲು ನೀರಲ್ಲಿ ಅದ್ಬೇಕು, ಒಣಗಿಸ್ಬೇಕು, ಎದ್ದ ನಾರನ್ನ ಸ್ಯಾಂಡ್‌ಪೇಪರಲ್ಲಿ ಉಜ್ಜಬೇಕು. ನಾರು ಏಳೋದು ನಿಲ್ಲೋ ತನಕ ಮಾಡ್ಬೇಕು. ಅವಳ ಕೈ ಎಷ್ಟು ದಪ್ಪ ಇದೆ?”

ಸೊಸೆ ಓಡಿ ಹೋಗಿ ಒಂದು ಕಾಗದ ತಂದಳು. ಸಭೆಯಲ್ಲಿ ಕೊಟ್ಟಿದ್ದ ಭಾಷಣದ ಪಟ್ಟಿ ಅದು. ಅದರ ಹಿಂಬದಿಯಲ್ಲಿ ಬೇಕರಿಯವಳ ಅಂಗೈ ಇಟ್ಟು ಸುತ್ತಲೂ ಗೆರೆ ಎಳೆದುಕೊಂಡು ಬಂದಿದ್ದಳು. ತಮ್ಮ ತನ್ನ ಕೈಯನ್ನು ಅದರ ಮೇಲಿಟ್ಟ. ಸುತ್ತಲೂ ಒಂದು ಬೆರಳಿನಷ್ಟು ಗೆರೆ ಉಳಿಯಿತು.

“ಇದು ಕೈಯೋ, ಮೊರವೋ?” ಎಂದ.

ಸೊಸೆಗೆ ನಗು ಬಂತು, ನಗುತ್ತಲೇ ಅಳು ಬಂತು. “ಕೇಳ್ದೆ ಮಾತು ಕೊಟ್ಟೆ ಮಾವ, ತಪ್ಪಾಯ್ತು.”

“ಅಲ್ಲಿಂದ ನನ್ನನ್ನ ಹೇಗೆ ಕೇಳ್ತಿದ್ದೆ? ಕೂಗಿದ್ರೆ ಕೇಳಿಸ್ತಿತ್ತಾ? ಆ ಸಣ್ಣ ಹಿಡಿಗಳನ್ನ ಆಚೆ ಇಡು. ಇನ್ನೊಂದು ಬೆರಳು ದಪ್ಪ ಬೇಕು.”

ಆ ತಿಂಗಳು ಮನೆ ತುಂಬ ಒದ್ದೆ ಹಿಡಿಗಳು. ಕಿಟಕಿಯ ಅಂಚಿನಲ್ಲಿ, ಮೆಟ್ಟಿಲಿನಲ್ಲಿ, ಬಸ್ಸಿನವನ ಹಾಸಿಗೆಯ ತಲೆದೆಸೆಯಲ್ಲೂ ಒಣಗುತ್ತಿದ್ದವು. ಕೆಲವನ್ನು ತಮ್ಮ ಐದು ಸಲ ಅದ್ದಿದ. ಕಣ್ಣು ಮುಚ್ಚಿಕೊಂಡು ಕೆನ್ನೆಗೆ ಉಜ್ಜಿ ನೋಡುವನು, ಸಮಾಧಾನವಾಗದಿದ್ದರೆ ಮತ್ತೆ ನೀರಿಗೆ. ಇಲ್ಲಿಯ ಅಂಗಡಿಗಳಿಗೆ ಹೋಗುವ ಬಟ್ಟೆ ಬ್ರಷ್ಷುಗಳಿಗೆ ವಾರ್ನಿಶ್ ಹಚ್ಚುವುದನ್ನು ಬಿಟ್ಟಿಲ್ಲ, ಆದರೆ ಮೊದಲಿನಂತೆ ಅದರ ಮಾತೆತ್ತುವುದಿಲ್ಲ. ಬ್ರಷ್ ಕೊಳ್ಳಲು ಯಾರೇ ಬರಲಿ, “ಯಾತಕ್ಕೆ? ಕೈ ಒದ್ದೆ ಇರುತ್ತೋ, ಒಣಗಿರುತ್ತೋ?” ಎಂದು ಕೇಳಿ ಅವರನ್ನು ಸುಸ್ತು ಮಾಡುತ್ತಾನೆ.

ಮೊನ್ನೆ ಸಂಜೆ ಗಿರಾಕಿಯ ಕಾಗದ ಬಂತು. ಸೊಸೆ ನಿಂತಲ್ಲೇ ಓದಿ ಹೇಳಿದಳು. ಬೇಕರಿಯವಳು ಹೊಸ ಬ್ರಷ್ಷನ್ನು ಕೆರೆಯದೆ ಮೊದಲ ದಿನವೇ ಕೆಲಸಕ್ಕೆ ಹಚ್ಚಿದಳಂತೆ. ಇನ್ನೆರಡು ಬೇಕರಿಯವರೂ ಕೇಳಿದ್ದಾರೆ. ಮೂರು ಪೆಟ್ಟಿಗೆ ಕಳಿಸಿ.

“ಆರು ಅಲ್ಲ” ಎಂದ ಬಸ್ಸಿನವನು.

“ಎರಡೂ ಅಲ್ಲ” ಎಂದಳು ಸೊಸೆ.

ತಮ್ಮ ಕನ್ನಡಕ ಹುಡುಕುತ್ತ, “ಕೆರೆಯದೆ ಅಂತ ಬರೆದಿದಾನಲ್ಲ, ಆ ಸಾಲು ಮತ್ತೊಂದು ಸಲ ಓದು” ಎಂದ. ಅವಳು ಓದಿದಳು. ಅವನು ಕನ್ನಡಕ ಹುಡುಕುವುದನ್ನು ಬಿಟ್ಟು ಕೂತುಕೊಂಡ.

ಅಷ್ಟರಲ್ಲಿ ಹಿತ್ತಿಲಲ್ಲಿ ನಲ್ಲಿ ಗೊರಗೊರ ಎಂದಿತು. ಒಂದು ಗಂಟೆ ಮಾತ್ರ ಬರುವ ನೀರು, ಹಿಡಿ ಅದ್ದಲೂ ಅದೇ ಆಗಬೇಕು. ಸೊಸೆ ಕಾಗದವನ್ನು ಮಾವನ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ಓಡಿದಳು. ನಾನು ಬಕೆಟ್ಟುಗಳನ್ನು ಒಂದೊಂದಾಗಿ ಸರಿಸಿ ಕೊಟ್ಟೆ, ಅವಳು ತುಂಬಿಸಿ, ಒಳಗೆ ಒಯ್ದು, ಮುಚ್ಚಿಟ್ಟು ಬಂದಳು.