ಸೋಮವಾರದ ಮಾತ್ರೆ

ಬುಧವಾರ ಬೆಳಿಗ್ಗೆ ಕಿರವತ್ತಿಯಲ್ಲಿ ಬಸ್ಸು ಹತ್ತಿದ ಕೂಡಲೇ ಅತ್ತಿಗೆ ಕಿಟಕಿ ಪಕ್ಕದ ಸೀಟಿಗೆ ಹಟ ಹಿಡಿದಳು. ಬಿಟ್ಟುಕೊಟ್ಟೆ. ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲದ ಕಾಲ ಇದು, ಜಗಳವೇನಿದ್ದರೂ ಸೀಟಿಗೆ.

ಅತ್ತಿಗೆ ಪಾರ್ವತಿ ನನ್ನಣ್ಣನ ಹೆಂಡತಿ. ಹೆದ್ದಾರಿ ಪಕ್ಕದ ಅವರ ಖಾನಾವಳಿಯ ಅಡುಗೆಯೆಲ್ಲ ಅವಳದೇ. ಬೆರಳ ಗಂಟುಗಳು ಬಾತು ಬೆಳಿಗ್ಗೆ ಸೌಟು ಹಿಡಿಯಲೂ ಆಗುತ್ತಿರಲಿಲ್ಲ. ಸಂಧಿವಾತ ಎಂದಿದ್ದರು ಶಿರಸಿಯ ಡಾಕ್ಟರಮ್ಮ. ಮೇಲೆ ಸಕ್ಕರೆ ಕಾಯಿಲೆ ಬೇರೆ. ಕಾಲು ನೋವೆಂದು ನಡಿಗೆ ಬಿಟ್ಟರೆ ಸಕ್ಕರೆ ಏರುತ್ತಿತ್ತು, ಸಕ್ಕರೆ ಏರಿತೆಂದು ಊಟ ಬಿಟ್ಟರೆ ಮಾತ್ರೆ ನುಂಗಲಾಗುತ್ತಿರಲಿಲ್ಲ. ಗಿರಾಕಿಗಳು ಬರುವುದು ನಿಲ್ಲಿಸಿಯಾರೆಂದು ಅವಳು ಎಲ್ಲರಿಗೂ ಕೈ ಉಳುಕಿದೆ ಎಂದೇ ಹೇಳುತ್ತಿದ್ದಳು. ಕಳೆದ ಸಲ ಡಾಕ್ಟರಮ್ಮ, ಈ ಮಾತ್ರೆ ನಾಟುತ್ತಿಲ್ಲ, ಹೀಗೇ ಆದರೆ ದುಬಾರಿ ಇಂಜೆಕ್ಷನ್ನೇ ಗತಿ ಎಂದಿದ್ದರು. ಅದು ನಮ್ಮಿಂದಾಗುವ ಮಾತಲ್ಲ, ಖಾನಾವಳಿಗೆ ಬೀಗ ಹಾಕುವುದೇ ಸೈ ಎಂದು ಅಣ್ಣ ಮುಖ ಸಣ್ಣ ಮಾಡಿಕೊಂಡು ನಮ್ಮನ್ನು ಕಳಿಸಿದ್ದ.

ಯಲ್ಲಾಪುರದಲ್ಲಿ ಬಸ್ಸು ಬದಲಿಸಿ, ಮಂಚೀಕೇರಿಯ ತಿರುವುಗಳಲ್ಲಿ ಓಲಾಡುತ್ತ ಐವತ್ತು ಕಿಲೋಮೀಟರು ಸಾಗಿ ಶಿರಸಿ ಸೇರಿದೆವು. ಮಳೆಗಾಲ ಮುಗಿದು ಬಿಸಿಲು ಹಿತವಾಗಿತ್ತು. ಬಸ್‌ಸ್ಟ್ಯಾಂಡಿನ ಬನ್ಸು ನಾನೊಬ್ಬಳೇ ತಿಂದೆ, ಅತ್ತಿಗೆಯ ಎದುರಿಗೇ. ನನಗೆ ಕರುಣೆ ಕಡಿಮೆ.

ರಕ್ತ ಪರೀಕ್ಷೆ ಮುಗಿಸಿ ಒಳಗೆ ಹೋದೆವು. ಡಾಕ್ಟರಮ್ಮ ಈ ಸಲ ನೋವಿನ ಸುದ್ದಿ ಬಿಟ್ಟು, ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ನೀವು ಯಾವಾಗ ಉಣ್ಣುತ್ತೀರಿ ಎಂದು ವಿಚಾರಿಸಿದರು. ಗಿರಾಕಿಗಳೆಲ್ಲ ಎದ್ದ ಮೇಲೆ ಎಂದಳು ಅತ್ತಿಗೆ. ಸಂಧಿವಾತಕ್ಕೆ ಕೊಟ್ಟ ವಾರಕ್ಕೊಮ್ಮೆಯ ಮಾತ್ರೆ ಯಾವ ದಿನ ಎಂದಾಗ ಸೋಮವಾರ ಎಂದಳು. ಆಮೇಲೆ ಬಲು ಹೆಮ್ಮೆಯಿಂದ ಸೇರಿಸಿದಳು:

“ಆದ್ರೆ ಸೋಮವಾರ ಉಪವಾಸ ಡಾಕ್ಟ್ರೇ. ಕೈ ಗುಣ ಆಗ್ಲಿ ಅಂತ ಹರಕೆ ಹೊತ್ಕಂಡಿದ್ದೆ. ಖಾಲಿ ಹೊಟ್ಟೆಗೆ ತಗಳ್ಳೂದು ಬ್ಯಾಡ ಅಂತ ನೀವೇ ಹೇಳಿದ್ರಲ್ಲ, ಅದಕ್ಕೆ ತಗಳ್ಲಿಲ್ಲ.”

ಒಂದು ಸೋಮವಾರವೂ ತಗೊಂಡಿಲ್ಲವೇ? ಇಲ್ಲ. ಎಲ್ಲವೂ ಹಪ್ಪಳದ ಡಬ್ಬಿಯಲ್ಲಿ ಜೋಪಾನವಾಗಿದ್ದವು! ಡಾಕ್ಟರಮ್ಮ ಕುರ್ಚಿಗೊರಗಿ ನಕ್ಕರು.

“ಮದ್ದು ಸೋತಿಲ್ಲ ಪಾರ್ವತಮ್ಮ. ಅದು ನಿಮ್ಮ ಹೊಟ್ಟೆಗೇ ಹೋಗಿಲ್ಲ.”

ರಕ್ತದ ವರದಿ ನೋಡಿ, ಇಂಜೆಕ್ಷನ್ ಸದ್ಯಕ್ಕೆ ಬೇಡ, ಅದೇ ಮಾತ್ರೆ ಇವತ್ತಿನಿಂದ ಬುಧವಾರ ಬುಧವಾರ, ರಾತ್ರಿ ಹೊಟ್ಟೆ ತುಂಬ ಉಂಡ ಮೇಲೆ ಎಂದರು. ಹರಕೆಯ ಉಪವಾಸ ಸಕ್ಕರೆ ಕಾಯಿಲೆಗೂ ಒಳ್ಳೆಯದಲ್ಲ, ದೇವರಿಗೆ ಹೂವು ಕೊಟ್ಟು ಒಪ್ಪಿಸಿ ಎಂದೂ ಹೇಳಿದರು. ಹೊರಗೆ ಬಂದು ನಾನು ಅಣ್ಣನಿಗೆ ಫೋನು ಹಚ್ಚಿ ವಿಷಯ ಹೇಳಿ, ಇನ್ನು ಅತ್ತಿಗೆಯ ಊಟ ಮೊದಲು, ಗಿರಾಕಿ ಆಮೇಲೆ ಎಂದು ಜೋರು ಮಾಡಿದೆ. ಆ ಕಡೆಯಿಂದ ಹೂಂ ಮಾತ್ರ ಬಂತು.

ಖುಷಿ ತಡೆಯಲಾಗಲಿಲ್ಲ. ರಿಕ್ಷಾ ಹಿಡಿದು ಹೆಗ್ಗರಣೆ ದಾಟಿ ಉಂಚಳ್ಳಿ ಜಲಪಾತಕ್ಕೇ ಹೋಗಿಬಿಟ್ಟೆವು. ರಿಕ್ಷಾದ ರಫೀಕಣ್ಣನ ತಾಯಿಗೂ ಇದೇ ಕಾಯಿಲೆಯಂತೆ. ಅವರು ರಂಜಾನಿನ ರೋಜಾ ಉಪವಾಸ ಹಿಡಿಯುವ ಮೊದಲು ಇವನು ಡಾಕ್ಟರನ್ನು ಕೇಳಿ ಬರುತ್ತಾನಂತೆ. ಅತ್ತಿಗೆ ಸರಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ತುಂತುರು ಮುಖಕ್ಕೆ ಬಡಿದಾಗ ಚಿಕ್ಕ ಹುಡುಗಿಯ ಹಾಗೆ ಕುಲುಕುಲು ನಕ್ಕಳು.

“ಮುಂದಿನ ವರ್ಷನೂ ಬಪ್ಪನನೇ ಕೂಸೇ,” ಎಂದು ಮತ್ತೆ ಬರುವ ಆಸೆ ಹೇಳಿದಳು. ಐವತ್ತು ಸಮೀಪಿಸಿದ ನಾನು ಅವಳಿಗಿನ್ನೂ ಕೂಸೇ.

ಕಿರವತ್ತಿಯಲ್ಲಿ ಇಳಿದಾಗ ಕತ್ತಲಾಗಿತ್ತು. ಖಾನಾವಳಿಯ ಬೆಂಚುಗಳ ಮೇಲೆ ಲಾರಿ ಚಾಲಕರು ತುಂಬಿದ್ದರು, ಆದರೆ ಯಾರ ಮುಂದೆಯೂ ಊಟ ಇರಲಿಲ್ಲ. ನಡುವಿನ ಮೇಜಿನಲ್ಲಿ ಒಂದೇ ಒಂದು ಎಲೆ ಹಾಕಿ ಅಣ್ಣ ಸೌಟು ಹಿಡಿದು ನಿಂತಿದ್ದ. ಅತ್ತಿಗೆ ಗಾಬರಿಯಿಂದ ನೇರ ಅಡುಗೆಮನೆಗೆ ನುಗ್ಗಲು ಹೊರಟಳು. ಅಣ್ಣನಿಂದ ವಿಷಯ ತಿಳಿದಿದ್ದ ಹಾವೇರಿ ಕಡೆಯ ಹಿರಿಯ ಚಾಲಕರೊಬ್ಬರು ತಡೆದರು.

“ಕೂಡ್ರಿ ಅಕ್ಕಾರ. ನೀವು ಉಣ್ರಿ, ನಾವು ಕಾಯ್ತೇವಿ.”

ಇಷ್ಟು ವರ್ಷ ಎಲ್ಲರಿಗೂ ಬಡಿಸಿದವಳು ಎಲ್ಲರೆದುರು ಕೂತು ಉಂಡಳು. ಕಣ್ಣೊರೆಸಿಕೊಂಡು ಅಣ್ಣನ ಸಾರಿಗೆ ಉಪ್ಪೇ ಇಲ್ಲವೆಂದಳು, ಆದರೂ ಎರಡನೇ ಸಲ ಹಾಕಿಸಿಕೊಂಡಳು. ಆಮೇಲೆ ನೀರು ತರಿಸಿ, ಎಲ್ಲರಿಗೂ ಕಾಣುವಂತೆ ಮಾತ್ರೆ ನುಂಗಿದಳು.